ಸೋಲಾರ್ ಪಾರ್ಕ್ ಬಂದರೆ ಹಳ್ಳಿಗೆ ಏನು ಲಾಭ?

ನಮ್ಮ ಬೀದರ್ ಜಿಲ್ಲೆಯಲ್ಲಿ, ಅದರಲ್ಲೂ ಔರಾದ್ ಕಡೆ, ದೊಡ್ಡ ಸೋಲಾರ್ ಪಾರ್ಕ್ ಮಾಡುವ ಮಾತು ಕೆಲವು ವರ್ಷಗಳಿಂದ ಕೇಳಿಬರುತ್ತಿದೆ. ಹೊಲ ಕೊಟ್ಟರೆ ಲಾಭವೇ, ನಷ್ಟವೇ? ನಮ್ಮ ರಾಜ್ಯದಲ್ಲೇ ಇಂಥ ಪಾರ್ಕ್ ನಡೆಯುತ್ತಿರುವ ಒಂದು ಊರನ್ನು ನೋಡಿದರೆ ಉತ್ತರ ಸಿಗುತ್ತದೆ. ಅದು ತುಮಕೂರು ಜಿಲ್ಲೆಯ ಪಾವಗಡ.

ಪಾವಗಡ ಮಳೆ ಕಡಿಮೆ ಬೀಳುವ ತಾಲ್ಲೂಕು. ಅಲ್ಲಿನ ತಿರುಮಣಿ, ವಳ್ಳೂರು, ಬಳಸಮುದ್ರ ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 'ಶಕ್ತಿ ಸ್ಥಳ' ಎಂಬ ಪಾರ್ಕ್ ಇದೆ. 2018ರ ಮಾರ್ಚ್ 1ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಇದನ್ನು ಉದ್ಘಾಟಿಸಿದರು. ಇದರ ಪೂರ್ತಿ ಸಾಮರ್ಥ್ಯ 2,050 ಮೆಗಾವ್ಯಾಟ್.

ಇಲ್ಲಿನ ವಿಶೇಷವೆಂದರೆ ರೈತರು ಜಮೀನು ಮಾರಲಿಲ್ಲ. ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮವು ಅವರಿಂದ 28 ವರ್ಷಕ್ಕೆ ಜಮೀನನ್ನು ಗುತ್ತಿಗೆ ಪಡೆಯಿತು. ರಸ್ತೆ, ಸಬ್‌ಸ್ಟೇಷನ್ ಮಾಡಿ, ವಿದ್ಯುತ್ ಕಂಪನಿಗಳಿಗೆ ಜಾಗ ಕೊಟ್ಟಿತು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಇತ್ತು. ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಐದು ಎಕರೆ ಇದ್ದವರಿಗೆ ಮೊದಲ ವರ್ಷವೇ 1,05,000 ರೂಪಾಯಿ. ಮಳೆ ಬರಲಿ, ಬಿಡಲಿ, ಬಾಡಿಗೆ ಬರುತ್ತದೆ. ಬೀಜ, ಗೊಬ್ಬರದ ಖರ್ಚಿಲ್ಲ. ಜಮೀನೂ ಮನೆಯ ಹೆಸರಿನಲ್ಲೇ ಉಳಿಯುತ್ತದೆ. ಇದು ದೊಡ್ಡ ಲಾಭ.

ಆದರೆ ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಲೆಕ್ಕವನ್ನು ಕೊನೆಯವರೆಗೆ ಮಾಡಬೇಕು. ಈ ಏರಿಕೆಯಂತೆ 28ನೇ ವರ್ಷದಲ್ಲಿ ಎಕರೆಗೆ ಸುಮಾರು 39,600 ರೂಪಾಯಿ ಸಿಗುತ್ತದೆ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ, ಮೊದಲ ವರ್ಷ 21,000ಕ್ಕೆ ಬರುತ್ತಿದ್ದ ಸಾಮಾನಿಗೆ ಆಗ ಸುಮಾರು 78,400 ಬೇಕು. ಅಂದರೆ ಬಾಡಿಗೆ ಹೆಚ್ಚಾದಂತೆ ಕಂಡರೂ ಅದರಿಂದ ಕೊಳ್ಳುವ ಸಾಮಾನು ಅರ್ಧಕ್ಕೆ ಇಳಿಯುತ್ತದೆ.

ಎರಡನೆಯ ಮಾತು, ಬಾಡಿಗೆ ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಕೂಲಿಗೆ ಹೋಗುವವರು, ಪಾಲಿಗೆ ಹೊಲ ಮಾಡುವವರು, ಕುರಿ ಮೇಯಿಸುವವರು ಏನು ಮಾಡಬೇಕು? ಪಾರ್ಕ್ ಕಟ್ಟುವಾಗ ಕೆಲಸ ಬಹಳ ಇರುತ್ತದೆ. ಕಟ್ಟಿದ ಮೇಲೆ ಪ್ಯಾನೆಲ್ ತೊಳೆಯುವುದು, ಹುಲ್ಲು ಕೀಳುವುದು, ಕಾವಲು ಕಾಯುವುದು ಇಷ್ಟೇ. ನಮ್ಮ ಗಾಂಧಿ ಗಂಜಿಗೂ ಇದರ ಸಂಬಂಧ ಇದೆ. ಪಾರ್ಕಿಗೆ ಹೋದ ಹೊಲದ ತೊಗರಿ, ಉದ್ದು, ಸೋಯಾ ಗಂಜಿಗೆ ಬರುವುದಿಲ್ಲ. ಹಮಾಲರ ಕೆಲಸವೂ ಅಷ್ಟು ಕಡಿಮೆಯಾಗುತ್ತದೆ. ಆದ್ದರಿಂದ ಮಡ್ಡಿ ಜಮೀನು ಕೊಡುವುದು ಬೇರೆ, ಎರಡು ಬೆಳೆ ಬರುವ ಎರೆ ಜಮೀನು ಕೊಡುವುದು ಬೇರೆ.

ಪಾರ್ಕ್ ಬಂದರೆ ಊರಿಗೆ ಪುಕ್ಕಟೆ ಕರೆಂಟ್ ಸಿಗುತ್ತದೆ ಎಂದೂ ಕೆಲವರು ತಿಳಿಯುತ್ತಾರೆ. ಹಾಗಿಲ್ಲ. ಅಲ್ಲಿ ತಯಾರಾದ ವಿದ್ಯುತ್ ಸಬ್‌ಸ್ಟೇಷನ್ ಮೂಲಕ ದೊಡ್ಡ ಲೈನಿಗೆ ಸೇರಿ ಎಲ್ಲ ಕಡೆ ಹೋಗುತ್ತದೆ. ಊರಿಗೆ ಏನಾದರೂ ಬೇಕಿದ್ದರೆ ಮೊದಲೇ ಕೇಳಿ ಬರೆಸಿಕೊಳ್ಳಬೇಕು.

ಆದ್ದರಿಂದ ಸಹಿ ಮಾಡುವ ಮೊದಲು ಮನೆಯವರು ಈ ಪ್ರಶ್ನೆಗಳನ್ನು ಕೇಳಲಿ: ಬಾಡಿಗೆ ಎಷ್ಟು, ಪ್ರತಿ ವರ್ಷ ಎಷ್ಟು ಏರುತ್ತದೆ? ಹಣ ತಡವಾದರೆ ಬಡ್ಡಿ ಇದೆಯೇ? ಗುತ್ತಿಗೆ ಮುಗಿದ ಮೇಲೆ ಪ್ಯಾನೆಲ್, ಕಂಬ, ಕಾಂಕ್ರೀಟ್ ಯಾರು ತೆಗೆಯುತ್ತಾರೆ? ಜಮೀನಿಲ್ಲದವರಿಗೆ ಎಷ್ಟು ಕೆಲಸ? ಊರಿನ ಶಾಲೆಗೆ, ನೀರಿಗೆ ಎಷ್ಟು ಹಣ? ಕರಾರು ಪತ್ರ ಕನ್ನಡದಲ್ಲಿರಲಿ. ಹಿರಿಯರಿಗೆ ಓದಲು ಬಾರದಿದ್ದರೆ ನಾವೇ ಕುಳಿತು ಓದಿ ಹೇಳೋಣ. ಸೂರ್ಯನ ಬೆಳಕು ಎಲ್ಲರಿಗೂ ಸಮಾನ. ಅದರಿಂದ ಬರುವ ಲಾಭ ಯಾರಿಗೆ ಎಷ್ಟು ಎಂಬುದು ಕರಾರಿನಲ್ಲಿ ಬರೆದಿದ್ದರ ಮೇಲೆ ನಿಂತಿದೆ.