ದುವಾ ಮಾಡಿದ್ದೆ, ಆದರೂ ನಪಾಸಾದೆ!

"ಅಮ್ಮೀ, ನಾನು ದುವಾ ಮಾಡಿದ್ದೆ. ಆದ್ರೂ ಅಲ್ಲಾಹು ಕೇಳಲಿಲ್ಲ. ಇನ್ನು ನಾನು ನಮಾಜಿಗೆ ಬರೋಲ್ಲ!"

ಹೋದ ಮಳೆಗಾಲದಲ್ಲಿ ನನ್ನ ಎರಡನೆಯ ಮಗ ಹೀಗೆಂದಾಗ ಒಲೆಯ ಮುಂದಿದ್ದ ನನಗೆ ಕೈಕಾಲೇ ಆಡಲಿಲ್ಲ. ಆರನೇ ತರಗತಿಯ ಹುಡುಗ. ಗಣಿತದ ಕಿರುಪರೀಕ್ಷೆಯಲ್ಲಿ 25ಕ್ಕೆ 6 ಅಂಕ. ಒದ್ದೆ ಚೀಲವನ್ನು ಮೂಲೆಗೆಸೆದು, ಗೋಡೆಗೆ ಮುಖ ತಿರುಗಿಸಿ ಮಲಗಿಬಿಟ್ಟ. ನಮ್ಮ ನಗರದ ಮಳೆ ಗೊತ್ತಲ್ಲ, ಹೊರಗೆ ಅದರ ಆರ್ಭಟ, ಒಳಗೆ ಇವನ ಬಿಕ್ಕಳಿಕೆ.

ತಪ್ಪು ನನ್ನದೇ. "ಓದದಿದ್ದರೆ ಅಲ್ಲಾಹು ಶಿಕ್ಷೆ ಕೊಡ್ತಾನೆ" ಎಂದು ಹೆದರಿಸಿದವಳು ನಾನು. "ದುವಾ ಮಾಡು, ಪಾಸಾಗ್ತೀಯ" ಎಂದು ಆಸೆ ಹುಟ್ಟಿಸಿದವಳೂ ನಾನೇ. ದೇವರನ್ನು ಒಮ್ಮೆ ಬೆತ್ತವಾಗಿ, ಒಮ್ಮೆ ಪೆಪ್ಪರ್‌ಮೆಂಟಾಗಿ ಬಳಸಿದ್ದೆ. ಸೋದರಿಯರೇ, ಯಾವ ಮತದವರಾದರೂ ನಾವು ತಾಯಂದಿರು ಹೀಗೇ ಮಾಡುತ್ತೇವಲ್ಲವೇ?

ಆ ರಾತ್ರಿ ಉಪದೇಶ ಮಾಡಲಿಲ್ಲ. ಬಿಸಿ ಗಂಜಿ ಕುಡಿಸಿ, ಪಕ್ಕದಲ್ಲಿ ಮಲಗಿಸಿಕೊಂಡು ಬೀಬಿ ಹಾಜಿರಾ ಅವರ ಕಥೆ ಹೇಳಿದೆ. ಪ್ರವಾದಿ ಇಬ್ರಾಹಿಮರು ದೇವರ ಆಜ್ಞೆಯಂತೆ ಹೆಂಡತಿಯನ್ನೂ ಹಸುಗೂಸು ಇಸ್ಮಾಯಿಲರನ್ನೂ ಮಕ್ಕಾದ ಬರಡು ಕಣಿವೆಯಲ್ಲಿ ಬಿಟ್ಟುಹೋಗಿದ್ದರು. ತೊಗಲಚೀಲದ ನೀರು ಮುಗಿಯಿತು. ಕೂಸು ಬಾಯಾರಿ ಚಡಪಡಿಸಿತು. ದೇವರು ಕೈಬಿಡಲಾರನೆಂಬ ನಂಬಿಕೆ ಆ ತಾಯಿಗಿತ್ತು. ಹಾಗೆಂದು ಸುಮ್ಮನೆ ಕೂರಲಿಲ್ಲ. ಸಫಾ ಗುಡ್ಡ ಹತ್ತಿ ನೋಡಿದರು, ಯಾರೂ ಇಲ್ಲ. ಮರ್ವಾ ಗುಡ್ಡಕ್ಕೆ ಓಡಿದರು, ಅಲ್ಲೂ ಇಲ್ಲ. ಹೀಗೆ ಏಳು ಸಲ! ಕೊನೆಗೆ ನೀರು ಚಿಮ್ಮಿದ್ದು ಗುಡ್ಡದ ಮೇಲಲ್ಲ, ಕೂಸಿನ ಬಳಿ. ಅದೇ ಜಮ್‌ಜಮ್. ಆ ತಾಯಿಯ ನೆನಪಿಗೆ ಹಜ್ ಮತ್ತು ಉಮ್ರಾ ಯಾತ್ರಿಕರು ಇಂದಿಗೂ ಅದೇ ದಾರಿಯಲ್ಲಿ ಏಳು ಸಲ ನಡೆಯುತ್ತಾರೆ, ಒಟ್ಟು ಸುಮಾರು 3 ಕಿಲೋಮೀಟರ್.

"ಆರನೇ ಸಲಕ್ಕೇ ಸಾಕು ಅಂತ ಕೂತಿದ್ರೆ?" ಎಂದ ಮಗ. ಅವನೇ ಯೋಚಿಸಲಿ ಎಂದು ದೀಪ ಆರಿಸಿದೆ.

ಮರುದಿನ ಕಿಟಕಿಯ ಮೇಲೆ ಏಳು ಅಡಿಕೆ ಇಟ್ಟೆ. ಲೆಕ್ಕ ತಪ್ಪಿದಾಗಲೆಲ್ಲ ಒಂದು ಅಡಿಕೆ ಆಚೆ ಸರಿಸಬೇಕು. ಏಳೂ ಮುಗಿದ ಮೇಲೆ ಅಣ್ಣನನ್ನೋ ಮೇಷ್ಟ್ರನ್ನೋ ಕೇಳಬಹುದು, ಅದರಲ್ಲಿ ಅವಮಾನವಿಲ್ಲ. ಎಷ್ಟೋ ಲೆಕ್ಕ ನಾಲ್ಕನೇ ಅಡಿಕೆಗೇ ಬಂದವು!

ನೀವೂ ಹೀಗೆ ಮಾಡಿ ನೋಡಿ

ದುವಾ ದುಡಿಮೆಗೆ ಬದಲಿಯಲ್ಲ ಎಂದು ತಿಳಿಸಿ. ಒಂಟೆಯನ್ನು ಬಿಟ್ಟು ದೇವರ ಮೇಲೆ ಭಾರ ಹಾಕಲೇ ಎಂದು ಕೇಳಿದವನಿಗೆ, ಮೊದಲು ಅದನ್ನು ಕಟ್ಟುವಂತೆ ಪ್ರವಾದಿಯವರು ಹೇಳಿದರಂತೆ. ನಮ್ಮ ಮನೆಯಲ್ಲಿ ಒಂಟೆಯೆಂದರೆ ಮಗ್ಗಿ!

ಓದುವಾಗ ತಡವರಿಸುವ ಮಗುವನ್ನು ಹಂಗಿಸಬೇಡಿ. ಕುರ್‌ಆನನ್ನು ಕಷ್ಟಪಟ್ಟು, ತಡವರಿಸುತ್ತ ಓದುವವರಿಗೆ ಎರಡು ಪುಣ್ಯ ಎಂದು ಪ್ರವಾದಿಯವರು ಹೇಳಿದ್ದಾರೆ. ನಾನಂತೂ ಅದನ್ನು ಶಾಲೆಯ ಪುಸ್ತಕಕ್ಕೂ ಅನ್ವಯಿಸಿಕೊಂಡಿದ್ದೇನೆ.

ರಮ್ಜಾನಿನ ಉಪವಾಸ ಚಿಕ್ಕಮಕ್ಕಳಿಗೆ ಕಡ್ಡಾಯವಲ್ಲ. ಹಠ ಹಿಡಿದರೆ ಮಧ್ಯಾಹ್ನದವರೆಗೆ ಇರಲಿ. ನಡುವೆ ನೀರು ಕುಡಿದರೆ ನಾಲ್ಕು ಜನರೆದುರು ನಗಬೇಡಿ, "ನಾಳೆ ಇನ್ನೊಂದು ಗಂಟೆ ನೋಡೋಣ" ಎನ್ನಿ.

ನಮ್ಮ ಜಿಲ್ಲೆಯ ಉದಾಹರಣೆಯನ್ನೂ ಹೇಳಿ. ಉರ್ದು ಮನೆಮಾತಿನ ಎಂಟು ವರ್ಷದ ಹುಡುಗಿಯನ್ನು ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು, ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಬೇಕೆಂಬ ಷರತ್ತಿನ ಮೇಲೆ. ಆಕೆ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಆಕೆಯೇ ಬಾನು ಮುಷ್ತಾಕ್. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ, ಅನುವಾದಕಿ ದೀಪಾ ಭಾಸ್ತಿ ಅವರೊಡನೆ, ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂತು. ಷರತ್ತು ಕೇಳಿಯೇ ಹೆದರಿ ಮಗುವನ್ನು ಮನೆಗೆ ಕರೆದೊಯ್ದಿದ್ದರೆ?

ನನ್ನ ಮಗನೇನೂ ಮೊದಲ ಸ್ಥಾನಕ್ಕೆ ಬರಲಿಲ್ಲ. ಮುಂದಿನ ಪರೀಕ್ಷೆಯಲ್ಲಿ 25ಕ್ಕೆ 11. ಶಾವಿಗೆ ಪಾಯಸ ಮಾಡಿದೆ. "ಹನ್ನೊಂದಕ್ಕೆಲ್ಲ ಪಾಯಸವೇ?" ಎಂದರು ಪಕ್ಕದ ಮನೆಯವರು. ಹತ್ತಿದ ಮೆಟ್ಟಿಲು ನನಗೆ ಗೊತ್ತಿತ್ತು.

ಅಂದು ಸಂಜೆ ಯಾರೂ ಕರೆಯದೆ ಅವನೇ ವಜೂ ಮಾಡಿ ನಮಾಜಿಗೆ ನಿಂತ. ಮುಗಿದ ಮೇಲೆ, ಏನು ಬೇಡಿದೆ ಎಂದು ಕೇಳಿದೆ.

"ಪಾಸು ಮಾಡು ಅನ್ನಲಿಲ್ಲಮ್ಮೀ. ಏಳನೇ ಅಡಿಕೆ ತನಕ ಬೇಜಾರಾಗದ ಹಾಗೆ ಮಾಡು ಅಂದೆ."