ತಟ್ಟಲೊಂದು ಬಾಗಿಲು

2021ರ ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,112 ಮಂದಿಗೆ ಕೊರೊನಾ ಸೋಂಕು ದೃಢಪಟ್ಟಿತು. ಅದರಲ್ಲಿ 23 ಸಾವಿರಕ್ಕೂ ಹೆಚ್ಚು ಬೆಂಗಳೂರಿನ ಪಾಲು. ಆ ದಿನಗಳಲ್ಲಿ ನಗರದ ಮನೆಮನೆಯಲ್ಲಿ ಕೇಳಿಬಂದ ಪದ ‘ಬಿಯು ನಂಬರ್’. ಪಾಲಿಕೆಯಿಂದ ಆ ಸಂಖ್ಯೆ ಬಂದರೆ ಸರ್ಕಾರಿ ಕೋಟಾದ ಹಾಸಿಗೆಗೆ ದಾರಿ. ಹಾಸಿಗೆಗಾಗಿ ಸಹಾಯವಾಣಿಗೆ ಫೋನು, ಫೋನು ಸಿಕ್ಕರೆ ವಲಯದ ವಾರ್ ರೂಮು, ಅಲ್ಲಿಂದ ಮುಂದೆ ಕಾಯುವುದು. ಮೋರಿ ಕಟ್ಟಿಕೊಂಡರೆ, ಬೀದಿದೀಪ ಕೆಟ್ಟರೆ, ಕಸದ ಗಾಡಿ ಬಾರದಿದ್ದರೆ ಜನ ಹೋಗಿ ತಟ್ಟುತ್ತಿದ್ದ ಬಾಗಿಲೊಂದು ಮೊದಲೆಲ್ಲ ಇತ್ತು, ವಾರ್ಡಿನ ಕಾರ್ಪೊರೇಟರ್ ಮನೆಯದು. ಎರಡನೇ ಅಲೆಯ ಹೊತ್ತಿಗೆ ಆ ಬಾಗಿಲ ಹಿಂದೆ ಮನುಷ್ಯರಿದ್ದರು, ಅಧಿಕಾರ ಇರಲಿಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) 198 ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೇ ಮುಗಿದು, ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಗಿತ್ತು. ರಾಜ್ಯದ ಅತಿ ದೊಡ್ಡ ನಗರ ತನ್ನ ಅತಿ ಕೆಟ್ಟ ದಿನಗಳನ್ನು ಒಬ್ಬನೇ ಒಬ್ಬ ಕಾರ್ಪೊರೇಟರ್ ಇಲ್ಲದೆ ಕಳೆಯಿತು.

ಕೊರೊನಾ ಕಾಲದಲ್ಲಿ ಜನಪ್ರತಿನಿಧಿಗಳು ಮಾಡಿದ ಕೆಲಸ ಎಂದೊಡನೆ ಕಣ್ಣೆದುರು ಬರುವುದು ದಿನಸಿ ಕಿಟ್, ಮಾಸ್ಕು, ಬ್ಯಾನರು. ಆದರೆ ದುಡ್ಡು ಹಂಚುವುದೇ ಜನಪ್ರತಿನಿಧಿಯ ಕಸುಬಾಗಿದ್ದರೆ ಸಂಸದರ ಕೆಲಸ 2020ರ ಏಪ್ರಿಲಿನಲ್ಲೇ ನಿಲ್ಲಬೇಕಿತ್ತು. ವರ್ಷಕ್ಕೆ 5 ಕೋಟಿ ರೂಪಾಯಿಯ ಸಂಸದರ ಪ್ರದೇಶಾಭಿವೃದ್ಧಿ ನಿಧಿಯನ್ನು ಕೇಂದ್ರ ಸರ್ಕಾರ ಆ ತಿಂಗಳು ಎರಡು ವರ್ಷದ ಮಟ್ಟಿಗೆ ತಡೆಹಿಡಿದಿತ್ತು. ಸಾಂಕ್ರಾಮಿಕದ ಹೊತ್ತಿನಲ್ಲಿ ಹಣಕ್ಕಿಂತ ದುರ್ಲಭವಾದದ್ದು ಬೇರೆಯೇ ಇತ್ತು. ಯಾವ ಮನೆಯಲ್ಲಿ ಯಾರು ಒಂಟಿ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಬಳಿ ರೇಷನ್ ಕಾರ್ಡ್ ಇಲ್ಲ, ಯಾವ ಓಣಿಗೆ ಆಂಬುಲೆನ್ಸ್ ನುಗ್ಗುವುದಿಲ್ಲ ಎಂಬ ತಿಳಿವಳಿಕೆ; ಜೊತೆಗೆ ಆ ತಿಳಿವಳಿಕೆಯನ್ನು ಕಚೇರಿಯ ಮೇಜಿನ ಮೇಲೆ ಬಡಿದು ಕೆಲಸ ಮಾಡಿಸುವ ಹಕ್ಕು. ಈ ಎರಡೂ ಒಬ್ಬರಲ್ಲೇ ಕೂಡಿರುವುದು ಅತಿ ಕೆಳಗಿನ ಜನಪ್ರತಿನಿಧಿಯಲ್ಲಿ. ಪಿಡುಗು ಬಂದಾಗ ಎಲ್ಲರಿಗಿಂತ ಹೆಚ್ಚು ಬೇಕಾಗುವವರು ಈ ಚಿಕ್ಕ ಜನಪ್ರತಿನಿಧಿಗಳೇ, ನಾವು ಮೊದಲು ಕೈಬಿಡುವುದೂ ಅವರನ್ನೇ.

ಲೆಕ್ಕ ನೋಡಿದರೆ ಇದು ಇನ್ನೂ ಸ್ಪಷ್ಟ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. 2011ರ ಜನಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆ ಸುಮಾರು 84 ಲಕ್ಷ. 198 ವಾರ್ಡಿಗೆ ಹಂಚಿದರೆ ಒಬ್ಬ ಕಾರ್ಪೊರೇಟರ್ ಪಾಲಿಗೆ 42 ಸಾವಿರದಷ್ಟು ಜನ, ನಗರದ 28 ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಒಬ್ಬ ಶಾಸಕನಿಗೆ 3 ಲಕ್ಷ. ನಗರ ಆಮೇಲೂ ಬೆಳೆದಿದೆ. ನಾನೂರು ಜನರ ಹೆಸರು, ಮುಖ, ಮನೆ ನೆನಪಿಡುವುದು ಒಬ್ಬ ಮನುಷ್ಯನಿಗೆ ಸಾಧ್ಯ. 42 ಸಾವಿರವೆಂದರೆ ಕಷ್ಟ, ಆದರೂ ಬೀದಿಗಿಬ್ಬರು ಪರಿಚಯದವರಿದ್ದರೆ ನಿಭಾಯಿಸಬಹುದು. ಮೂರು ಲಕ್ಷಕ್ಕೆ ಹೋದರೆ ಹೆಸರುಗಳು ಕಳೆದು ಅಂಕಿಗಳಷ್ಟೇ ಉಳಿಯುತ್ತವೆ.

ಹಳ್ಳಿಗಳಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಕಲಬುರಗಿ, ಯಾದಗಿರಿ, ಮಂಡ್ಯ ಕಡೆಗೆ ಸಾವಿರಾರು ಮಂದಿ ಮರಳಿದಾಗ ಅವರನ್ನು ಊರ ಶಾಲೆಗಳಲ್ಲಿ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮಾಡಬೇಕಾಯಿತು. ಶಾಲೆಯ ಬೀಗ ತೆಗೆಸುವುದು, ಊಟ ನೀರು ಒದಗಿಸುವುದು, ‘ನಮ್ಮೂರಿಗೆ ಇವರು ಬೇಡ’ ಎಂದ ಊರವರನ್ನು ಸಮಾಧಾನಪಡಿಸುವುದು ಆದೇಶಪತ್ರದಿಂದ ಆಗುವ ಕೆಲಸಗಳಾಗಿರಲಿಲ್ಲ. ಕ್ವಾರಂಟೈನ್ ಮುಗಿಸಿ ಹೊರಬಂದವರಿಗೆ ಮುಂದಿನ ಪ್ರಶ್ನೆ ಹೊಟ್ಟೆಪಾಡು. ಉದ್ಯೋಗ ಖಾತ್ರಿಯ ಕೂಲಿ ಆ ಏಪ್ರಿಲಿನಲ್ಲಿ 249ರಿಂದ 275 ರೂಪಾಯಿಗೆ ಏರಿತ್ತು, ಆದರೆ ಜಾಬ್ ಕಾರ್ಡ್ ಇಲ್ಲದವನಿಗೆ ಆ ಏರಿಕೆಯಿಂದ ಏನೂ ದಕ್ಕದು. ಅರ್ಜಿ ಬರೆಸಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮುಂದೆ ಇಟ್ಟು, ಕೆರೆ ಹೂಳಿನ ಕೆಲಸಕ್ಕೆ ಹೆಸರು ಸೇರಿಸಲು ಊರಿನಲ್ಲೇ ಇರುವ ಒಬ್ಬರು ಬೇಕು. ಪಂಚಾಯಿತಿ ಸದಸ್ಯನ ಕೆಲಸವೆಂದರೆ ಬಹುಪಾಲು ಇದೇ.

ಆ ಸದಸ್ಯರ ಅವಧಿಯೂ 2020ರ ನಡುವಿನಲ್ಲಿ ಮುಗಿದು ಪಂಚಾಯಿತಿಗಳಿಗೂ ಆಡಳಿತಾಧಿಕಾರಿಗಳು ಬಂದಿದ್ದರು. ಆದರೆ ಡಿಸೆಂಬರ್ 22 ಮತ್ತು 27ರಂದು 5,700ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆದು, ಎರಡನೇ ಅಲೆ ಏಳುವ ಮೊದಲೇ ಹೊಸಬರು ಬಂದು ಕೂತರು. ಪಂಚಾಯಿತಿ ಅಧ್ಯಕ್ಷರ ನೇತೃತ್ವದ ಕಾರ್ಯಪಡೆಯಲ್ಲಿ ಪಿಡಿಒ, ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ ಎಲ್ಲರೂ ಒಂದೇ ಊರಿನ ಲೆಕ್ಕ ಹಿಡಿದು ಕೂರುವಂತಾಯಿತು. ಮನೆಯಲ್ಲಿ ಬೇರೆ ಕೋಣೆ, ಬೇರೆ ಶೌಚಾಲಯ ಇಲ್ಲದ ಸೋಂಕಿತರನ್ನು ಆರೈಕೆ ಕೇಂದ್ರಕ್ಕೆ ಸಾಗಿಸಬೇಕು ಎಂಬ ಮಾತನ್ನೇ ನೋಡಿ. ಯಾರ ಮನೆಯಲ್ಲಿ ಎಷ್ಟು ಕೋಣೆ ಎಂಬುದು ಯಾವ ವಾರ್ ರೂಮಿನ ಕಂಪ್ಯೂಟರಿಗೂ ಗೊತ್ತಿರಲಿಲ್ಲ. ಆ ಬೀದಿಯ ಸದಸ್ಯೆಗೆ ಗೊತ್ತಿತ್ತು.

ಬೆಂಗಳೂರಿನಲ್ಲಿ ಎಂಟು ವಲಯಗಳ ಮಟ್ಟದಲ್ಲಿ ವಾರ್ ರೂಮುಗಳು ನಡೆದವು. ಸರಾಸರಿ ಲೆಕ್ಕದಲ್ಲಿ ಒಂದು ವಲಯಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ. ಅಲೆ ನೆತ್ತಿಗೇರಿದ ಮೇ ತಿಂಗಳಲ್ಲಿ ಪಾಲಿಕೆ ವಾರ್ಡಿಗೊಂದರಂತೆ ತುರ್ತು ಸಮಿತಿಗಳನ್ನು ಮಾಡಿ, ನೋಡಲ್ ಅಧಿಕಾರಿಗಳನ್ನೂ ಸ್ವಯಂಸೇವಕರನ್ನೂ ಸೇರಿಸಿತು. ಒಳ್ಳೆಯ ಹೆಜ್ಜೆಯೇ. ಆದರೆ ವಾರ್ಡಿಗೊಬ್ಬರು ಬೇಕು ಎಂಬ ಒಪ್ಪಿಗೆಯೂ ಅದರಲ್ಲೇ ಇತ್ತು. ಎಂಟು ತಿಂಗಳ ಹಿಂದೆ ಖಾಲಿ ಬಿಟ್ಟ ಜಾಗವನ್ನು ಬೆಂಕಿ ಬಿದ್ದ ಮೇಲೆ ಅವಸರದಲ್ಲಿ ತುಂಬಿಸಿದಂತಾಯಿತು. ನೇಮಕಗೊಂಡ ಅಧಿಕಾರಿ ಎಷ್ಟೇ ಪ್ರಾಮಾಣಿಕನಾದರೂ ಆತ ಉತ್ತರ ಕೊಡಬೇಕಾದದ್ದು ಮೇಲಿನವರಿಗೆ. ವಾರ್ಡಿನ ಸದಸ್ಯನಾದರೆ ಮುಂದಿನ ಚುನಾವಣೆಯಲ್ಲಿ ಅದೇ ಓಣಿಯಲ್ಲಿ ಕೈಮುಗಿದು ನಿಲ್ಲಬೇಕು.

ಪಿಡುಗಿನ ನಡುವೆ ಚುನಾವಣೆ ನಡೆಸುವುದು ತಪ್ಪಲ್ಲವೇ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಬೆಂಗಳೂರಿನದೇ ರಾಜರಾಜೇಶ್ವರಿ ನಗರ ವಿಧಾನಸಭಾ ಕ್ಷೇತ್ರಕ್ಕೆ 2020ರ ನವೆಂಬರ್ 3ರಂದು ಉಪಚುನಾವಣೆ ನಡೆಯಿತು. ಎರಡನೇ ಅಲೆ ಏರುತ್ತಿದ್ದ 2021ರ ಏಪ್ರಿಲ್ 17ರಂದು ಬೆಳಗಾವಿ ಲೋಕಸಭೆಗೆ, ಬಸವಕಲ್ಯಾಣ ಮತ್ತು ಮಸ್ಕಿ ವಿಧಾನಸಭೆಗೆ ಮತದಾನವಾಯಿತು. ಆ ಏಪ್ರಿಲಿನ ಮತದಾನ ವಿವೇಕದ ಕೆಲಸವಾಗಿತ್ತೆಂದು ಹೇಳುತ್ತಿಲ್ಲ. ಸೋಂಕು ತಗ್ಗಿದ್ದ ಡಿಸೆಂಬರಿನಿಂದ ಫೆಬ್ರುವರಿವರೆಗೆ ಹಳ್ಳಿಗೆ ಸಾಧ್ಯವಾದದ್ದು ನಗರಕ್ಕೂ ಸಾಧ್ಯವಿತ್ತು. ತೊಡಕಾದದ್ದು ವಾರ್ಡುಗಳನ್ನು 198ರಿಂದ 243ಕ್ಕೆ ಏರಿಸುವ ಹೊಸ ಕಾಯ್ದೆ. ಹಳೆಯ ವಾರ್ಡುಗಳಿಗೇ ಚುನಾವಣೆ ನಡೆಸಿ ಎಂದು ಹೈಕೋರ್ಟ್ 2020ರ ಡಿಸೆಂಬರ್ 4ರಂದು ಹೇಳಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಅವಧಿ ಮುಗಿಯುವ ಮೊದಲೇ ಹೊಸ ಪಾಲಿಕೆಯ ಚುನಾವಣೆ ಮುಗಿದಿರಬೇಕು ಎಂಬ ಸಂವಿಧಾನದ 243ಯು ವಿಧಿಯ ಮಾತು ಕಾಗದದಲ್ಲೇ ಉಳಿಯಿತು.

ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಕಾರ್ಪೊರೇಟರುಗಳಿದ್ದಿದ್ದರೆ ತಮ್ಮ ಫೋಟೊ ಅಂಟಿಸಿದ ಕಿಟ್ಟನ್ನು ತಮ್ಮವರಿಗೇ ಹಂಚುತ್ತಿದ್ದರು, ಹಾಸಿಗೆಗೂ ಲಸಿಕೆಗೂ ಶಿಫಾರಸು ತರುತ್ತಿದ್ದರು ಎಂಬುದು ಅನೇಕರ ಮಾತು. ಅದು ಸುಳ್ಳೆನ್ನಲಾಗದು. ಆದರೆ ಕಾರ್ಪೊರೇಟರ್ ಇಲ್ಲದಿದ್ದರೆ ಶಿಫಾರಸು ನಿಲ್ಲುವುದಿಲ್ಲ. ಕಣ್ಣಿಗೆ ಕಾಣದ ಕಡೆಗೆ ಸರಿಯುತ್ತದೆ. 2021ರ ಮೇ 4ರಂದು ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಶಾಸಕರೊಡನೆ ವಾರ್ ರೂಮಿಗೆ ಹೋಗಿ, ಹಾಸಿಗೆ ಹಂಚಿಕೆಯಲ್ಲಿ ಅಕ್ರಮ ನಡೆದಿದೆ ಎಂದು ಆರೋಪಿಸಿದರು. ಪೊಲೀಸ್ ತನಿಖೆ ಶುರುವಾಯಿತು. ಸಿಬ್ಬಂದಿಯ ಪೈಕಿ ಒಂದೇ ಧರ್ಮದವರ ಹೆಸರುಗಳನ್ನು ಅಲ್ಲಿ ಓದಿದ್ದಕ್ಕೆ ತೀವ್ರ ಟೀಕೆಯೂ ಬಂತು. ಅಧಿಕಾರಿಗಳ ಕೈಗಷ್ಟೇ ಕೊಟ್ಟ ವ್ಯವಸ್ಥೆ ಶುದ್ಧವಾಗಿಯೇ ಇರುತ್ತದೆ ಎಂಬ ನಂಬಿಕೆ ಆ ಆರೋಪದಿಂದಲೇ ಅಲ್ಲಾಡಿತು. ಕೆಳಗಿನ ಮೆಟ್ಟಿಲು ಖಾಲಿಯಿದ್ದರೆ ದೂರು ಕ್ಯಾಮೆರಾಗಳ ಮುಂದೆ ಸಿಡಿಯುತ್ತದೆ ಎಂಬುದನ್ನೂ ಅದು ತೋರಿಸಿತು. ಕಿಟ್ಟಿನ ಮೇಲಿನ ಫೋಟೊ ಅಸಹ್ಯವೇ ಸರಿ. ಆದರೆ ಕಿಟ್ ಸಿಗದಿದ್ದರೆ ಯಾರನ್ನು ಬೈಯಬೇಕೆಂಬುದು ಅದನ್ನು ನೋಡಿದರೆ ತಿಳಿಯುತ್ತದೆ.

ಮುಂಬೈಯ ಉದಾಹರಣೆಯನ್ನು ಎದುರಿಗಿಡುವವರೂ ಇದ್ದಾರೆ. ಅಲ್ಲಿ ಪಾಲಿಕೆ ಆಯುಕ್ತ ಇಕ್ಬಾಲ್ ಸಿಂಗ್ ಚಾಹಲ್ ಅವರ ಕಾಲದಲ್ಲಿ 24 ಆಡಳಿತ ವಾರ್ಡುಗಳಿಗೆ ಒಂದೊಂದು ವಾರ್ ರೂಮು ಮಾಡಿ ಹಾಸಿಗೆ ಹಂಚಿದರು. ಸುಪ್ರೀಂ ಕೋರ್ಟ್ ಕೂಡ ಆ ಮಾದರಿಯನ್ನು ಮೆಚ್ಚಿತು. ನಡೆಸಿದವರು ಅಧಿಕಾರಿಗಳೇ, ನಿಜ. ಆದರೆ ಅಲ್ಲಿ ಗೆದ್ದದ್ದು ಕೆಲಸವನ್ನು ಕೆಳಕ್ಕೆ ಇಳಿಸುವ ಬುದ್ಧಿ, ಮತ್ತು ಆ ಹೊತ್ತಿನಲ್ಲಿ ಮುಂಬೈ ಪಾಲಿಕೆಯಲ್ಲಿ 227 ಚುನಾಯಿತ ಸದಸ್ಯರಿದ್ದರು. ಅಲ್ಲಿನ ಗೆಲುವನ್ನು ತೋರಿಸಿ ಅಧಿಕಾರಿಗಳಿದ್ದರೆ ಸಾಕು ಎನ್ನುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ.

ಈ ವಾದಕ್ಕೊಂದು ಮಿತಿಯೂ ಇದೆ. ಜನಪ್ರತಿನಿಧಿ ನೋಡುವುದು ತನ್ನ ಮತದಾರರನ್ನು. 2020ರ ಮೇ 5ರಂದು ರಾಜ್ಯ ಸರ್ಕಾರ ಬಿಲ್ಡರುಗಳ ಜೊತೆ ಮಾತಾಡಿದ ಬಳಿಕ ವಲಸೆ ಕಾರ್ಮಿಕರ ರೈಲುಗಳನ್ನು ರದ್ದು ಮಾಡಲು ಕೇಳಿಕೊಂಡಿತು. ಟೀಕೆ ಬಂದ ಮೇಲೆ ನಿರ್ಧಾರ ಬದಲಾಯಿತು. ಬೆಂಗಳೂರಿನ ಕಟ್ಟಡಗಳನ್ನು ಕಟ್ಟಿದ ಬಿಹಾರಿ, ಒಡಿಯಾ ಕೂಲಿಗಳಿಗೆ ಇಲ್ಲಿ ಓಟಿರಲಿಲ್ಲ. ಆಗ ಕಾರ್ಪೊರೇಟರುಗಳು ಅಧಿಕಾರದಲ್ಲೇ ಇದ್ದರು, ಆದರೂ ಆ ಕೂಲಿಗಳ ಪರವಾಗಿ ಗಟ್ಟಿ ದನಿ ಏಳಲಿಲ್ಲ. ಮುಂಬೈಯಿಂದ ಯಾದಗಿರಿಗೆ ಮರಳಿದ ಕೂಲಿಗೋ ಊರಲ್ಲಿ ಓಟಿತ್ತು; ಭಯ, ಬೈಗುಳ ಇದ್ದರೂ ಶಾಲೆಯ ಬಾಗಿಲು ತೆರೆಯಿತು. ಇನ್ನೊಂದು ಮಿತಿ ಆಮ್ಲಜನಕ. 2021ರ ಮೇ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ರಾತ್ರಿಯ ಆಸುಪಾಸಿನಲ್ಲಿ 24 ಮಂದಿ ಸತ್ತದ್ದನ್ನು ಯಾವ ಪಂಚಾಯಿತಿ ಸದಸ್ಯನಿಂದಲೂ ತಪ್ಪಿಸಲಾಗುತ್ತಿರಲಿಲ್ಲ. ಸಿಲಿಂಡರು ತುಂಬಿಸುವುದು, ಜಿಲ್ಲೆಯಿಂದ ಜಿಲ್ಲೆಗೆ ಸಾಗಿಸುವುದು ಸರ್ಕಾರದ ಹೊಣೆ. ಚಿಕ್ಕ ಜನಪ್ರತಿನಿಧಿ ಇದ್ದ ಮಾತ್ರಕ್ಕೆ ದೊಡ್ಡವರ ಹೊಣೆ ಇಳಿಯುವುದಿಲ್ಲ. ಕಾರ್ಪೊರೇಟರುಗಳಿದ್ದಿದ್ದರೆ ಇಂತಿಷ್ಟು ಜೀವ ಉಳಿಯುತ್ತಿತ್ತು ಎಂದು ಲೆಕ್ಕ ಕೊಡುವುದೂ ಈ ವಾದದ ಉದ್ದೇಶವಲ್ಲ.

ಆದರೂ ಪಾಠ ಕಲಿತೆವೆಂದು ಹೇಳಲು ಧೈರ್ಯ ಸಾಲದು. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳೂ ವರ್ಷಗಟ್ಟಲೆ ಖಾಲಿ ಉಳಿದವು. ಬಿಬಿಎಂಪಿಗೆ ಮತ್ತೆ ಚುನಾವಣೆ ನಡೆಯಲೇ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಅದರ ಜಾಗಕ್ಕೆ ಐದು ಪಾಲಿಕೆಗಳು ಬಂದವು. ಗಡಿ, ಹೆಸರು, ಕಾಯ್ದೆ ಬದಲಾಗುವಾಗಲೆಲ್ಲ ಕುರ್ಚಿ ಖಾಲಿ ಇಡುವುದು ಸರ್ಕಾರಗಳಿಗೆ ರೂಢಿಯಾಗಿದೆ, ಅದನ್ನು ಕಂಡೂ ಸುಮ್ಮನಿರುವುದು ನಮಗೆ. ನಾಳೆ ನೆರೆ ಬರಬಹುದು, ನೀರಿಗೆ ಬರ ಬರಬಹುದು, ಇನ್ನೊಂದು ಜ್ವರವೂ ಬರಬಹುದು. ಆ ರಾತ್ರಿ ಸಹಾಯವಾಣಿ ಬ್ಯುಸಿ ಬಂದರೆ ಎದ್ದು ಹೋಗಿ ತಟ್ಟಬಹುದಾದ ಮನೆ ಯಾವುದೆಂದು ನಮ್ಮ ಬೀದಿಯವರಿಗೆ ಇವತ್ತು ಗೊತ್ತಿದೆಯೇ?