ಹುಲಿಯೋ, ಹುಲಿವೇಷವೋ?

ಆಶ್ವಯುಜದ ಮಳೆ ಹೊಳವಾದ ದಿನ ಬೆಳಿಗ್ಗೆ ಎಂಟಕ್ಕೆ ಹಿತ್ತಿಲಿಗೋ ಕೆರೆಯ ಏರಿಗೋ ಹೋದರೆ ಸಾಕು. ಚಿಟ್ಟೆಗಳು ಆಗ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿರುತ್ತವೆ. ಮೈ ಬಿಸಿಯಾಗದೆ ಅವು ಹಾರಲಾರವು. ಗುರುತು ಹಿಡಿಯಲು ಇದೇ ಸುಸಮಯ.

ಎಕ್ಕದ ಗಿಡದ ಸುತ್ತ ನಿಧಾನವಾಗಿ ತೇಲುವ ಕಿತ್ತಳೆ ಬಣ್ಣದ ಚಿಟ್ಟೆ ಪ್ಲೇನ್ ಟೈಗರ್. ಮರಿಹುಳುವಾಗಿದ್ದಾಗ ತಿಂದ ಎಕ್ಕದೆಲೆಯ ವಿಷ ಇದರ ಮೈಯಲ್ಲಿ ಉಳಿದಿರುತ್ತದೆ. ಒಮ್ಮೆ ತಿಂದು ಕಕ್ಕಿದ ಹಕ್ಕಿ ಮತ್ತೆ ಇದರ ತಂಟೆಗೆ ಬರುವುದಿಲ್ಲ. ಅದಕ್ಕೇ ಅಷ್ಟು ಠೀವಿ!

ಡನೈಡ್ ಎಗ್‌ಫ್ಲೈ ಎಂಬ ಇನ್ನೊಂದು ಚಿಟ್ಟೆಯ ಹೆಣ್ಣು ವಿಷವಿಲ್ಲದೆಯೇ ಅದೇ ವೇಷ ತೊಟ್ಟು ಬದುಕುತ್ತದೆ. ಇದರ ಮರಿಗೆ ಅಡುಗೆಮನೆಯ ಗೋಣಿಸೊಪ್ಪೇ ಆಹಾರ. ಗಂಡಿಗೆ ಈ ವೇಷವಿಲ್ಲ: ಕಪ್ಪು ರೆಕ್ಕೆ, ನೀಲಿ ಅಂಚಿನ ದೊಡ್ಡ ಬಿಳಿ ಬೊಟ್ಟುಗಳು.

ಹಾಗಾದರೆ ಹೆಣ್ಣನ್ನು ಪತ್ತೆ ಮಾಡುವುದು ಹೇಗೆ? ಹಿಂದಿನ ರೆಕ್ಕೆ ನೋಡಿ. ನಡುವೆ ಮೂರು ಕಪ್ಪು ಚುಕ್ಕೆಗಳಿದ್ದರೆ ಹೆಣ್ಣು ಹುಲಿ, ನಾಲ್ಕಿದ್ದರೆ ಗಂಡು ಹುಲಿ. ನಡುಭಾಗ ಬರಿದಾಗಿದ್ದು ಮೇಲಂಚಿನಲ್ಲಿ ಒಂದೇ ಚುಕ್ಕೆ ಇದ್ದರೆ ವೇಷಧಾರಿ.

ಬಲೆ ಮಾತ್ರ ಬೇಡ. ಈ ವೇಷಧಾರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹಿಡಿದು ರಟ್ಟಿಗೆ ಗುಂಡುಸೂಜಿ ಚುಚ್ಚುವ ಹಳೆಯ ಶಾಲಾ ಪ್ರಾಜೆಕ್ಟ್ ಅಪರಾಧವಾದೀತು. ಚಿಟ್ಟೆಯ ಮೇಲೆ ನೆರಳು ಬೀಳದಂತೆ ಮೆಲ್ಲಗೆ ಹತ್ತಿರ ಹೋಗಿ, ಬಿಸಿಲೇರಿ ಅದು ಚುರುಕಾಗುವ ಮುನ್ನ ಚುಕ್ಕೆ ಎಣಿಸಿಬಿಡಿ.